ಎಂಜಿನ್ನಿನ ಸದ್ದಿಗೆ ಕಿವಿಗೊಡೋಣ

ನಾವು ಬೆಳೆಗಾರರು 1955ರಿಂದ ಮದರಾಸಿನಲ್ಲಿ ತಯಾರಾಗಿ ಬಂದ ಬುಲೆಟ್ಟನ್ನೂ ಜೀಪನ್ನೂ ಜೊತೆಯಲ್ಲೇ ದುಡಿಸಿದವರು. ಜೀಪಿನ ಸಿಲಿಂಡರುಗಳ ಸುತ್ತಲಿನ ನೀರು ಶಾಖದೊಡನೆ ಒಳಗಿನ ಸದ್ದನ್ನೂ ತಗ್ಗಿಸುತ್ತದೆ. ಗಾಳಿಯಿಂದ ತಣಿಯುವ ಬುಲೆಟ್ಟಿಗೆ ಆ ಹೊದಿಕೆಯಿಲ್ಲ. ಅದರ ಶಾಖದ ಏರಿಳಿತ ಹೆಚ್ಚಾದ್ದರಿಂದ ಪಿಸ್ಟನ್ನಿಗೆ ತುಸು ಹೆಚ್ಚು ಸಡಿಲು ಬಿಟ್ಟಿರುತ್ತಾರೆ. ಬೆಳಗಿನ ಚಳಿಯಲ್ಲಿ ಟಕಟಕ ಎಂದರೆ ಗಾಬರಿ ಬೇಡ. ಕಾದ ಮೇಲೆ ಅದು ಕಡಮೆಯಾಗಬೇಕು.

ಕಾದ ಎಂಜಿನ್ ಏರಿನಲ್ಲಿ ಟಣಟಣ ಎಂದರೆ ನಿಲ್ಲಿಸಿ, ರೆಕ್ಕೆಗಳ ನಡುವೆ ಕೆಸರು ಕಟ್ಟಿದೆಯೇ, ಆಯಿಲ್ ಸಾಕಷ್ಟಿದೆಯೇ ಎಂದು ನೋಡಬೇಕು.

ನೀರಿನ ಎಂಜಿನ್ ಹಾಗೆ ಕೂಗಿ ಹೇಳದು. ನೀರು ಸೋರಿದರೂ ಮೊದಮೊದಲು ಸದ್ದು ಬದಲಾಗದು. ಆದ್ದರಿಂದ ದಿನವೂ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ, ರೇಡಿಯೇಟರಿನ ನೀರು ನೋಡುವುದು ಲೇಸು. ಕೊಯ್ಲಿನ ನಡುವೆ ಪಿಸ್ಟನ್ ಕಚ್ಚಿಕೊಂಡರೆ ರಿಪೇರಿಯ ಖರ್ಚಿನ ಜೊತೆಗೆ ಕೆಲಸವೂ ಕೆಡುತ್ತದೆ.