ಪರದೇಶದಲ್ಲಿ ವಿದ್ಯಾರ್ಥಿಯ ಕಾಲಿಗೆ ಪೆಟ್ಟಾದರೆ

ಸೇಲಂ, ಧರ್ಮಪುರಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಂದಲೂ, 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟು ಕೃಷ್ಣಗಿರಿ ಜಿಲ್ಲೆಗೆ ಸೇರಿದ ಹೊಸೂರು, ಡೆಂಕಣಿಕೋಟೆಗಳ ಸುತ್ತಿನ ಹಳ್ಳಿಗಳಿಂದಲೂ ಮಕ್ಕಳು ಉಚ್ಚ ವ್ಯಾಸಂಗಕ್ಕಾಗಿ ಪರದೇಶಗಳಿಗೆ ಹೋಗುವುದು ಈಗ ಅಪೂರ್ವವಲ್ಲ. ಹೊರಡುವಾಗ ತಾಯಿತಂದೆಗಳು ಚಟ್ನಿಪುಡಿ, ಉಪ್ಪಿನಕಾಯಿ, ಉಣ್ಣೆಯ ಅಂಗಿಗಳನ್ನು ಕಟ್ಟಿಕೊಡುತ್ತಾರೆ. ಅಲ್ಲಿ ಹಿಮದ ಮೇಲೆ ಜಾರಿ ಬಿದ್ದು ಕಾಲು ಮುರಿದರೆ ಮಾಡತಕ್ಕದ್ದೇನೆಂಬುದನ್ನು ಮಾತ್ರ ಹೇಳಿಕೊಡುವವರು ವಿರಳ. ಆ ಮಾತೆತ್ತುವುದೇ ಅಪಶಕುನವೆಂದು ಭಾವಿಸುವವರೂ ಉಂಟು. ಕಾಲಿನ ಪೆಟ್ಟಿಗಿಂತ ಪೆಟ್ಟನ್ನು ಮುಚ್ಚಿಡುವುದೇ ವಿದ್ಯಾರ್ಥಿಗೆ ಹೆಚ್ಚು ಹಾನಿಕರವೆಂಬುದು ನಮ್ಮ ಅಭಿಪ್ರಾಯ. ಅದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲನೆಯದು ಬಿದ್ದ ಕ್ಷಣದ ಮಾತು. ಕಾಲು ಸೊಟ್ಟಗಾಗಿದ್ದರೆ, ಅಥವಾ ಅದರ ಮೇಲೆ ಭಾರ ಹಾಕಲು ಆಗದಿದ್ದರೆ, ಎದ್ದು ನಡೆಯುವ ಸಾಹಸ ಕೂಡದು. ಎಳೆದು ನೆಟ್ಟಗೆ ಮಾಡುವುದೂ ಕೂಡದು. ಅಲುಗಾಡಿಸದೆ ಸಹಾಯಕ್ಕೆ ಕರೆಯಬೇಕು. ತುರ್ತು ದೂರವಾಣಿ ಸಂಖ್ಯೆ ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999, ಜರ್ಮನಿ ಮೊದಲಾದ ಯೂರೋಪಿನ ದೇಶಗಳಲ್ಲಿ 112, ಆಸ್ಟ್ರೇಲಿಯದಲ್ಲಿ 000. ತಲಪಿದ ದಿನವೇ ಇದನ್ನು ಕಂಠಪಾಠ ಮಾಡತಕ್ಕದ್ದು.

ಎರಡನೆಯದು ಮೂಳೆ ಕೂಡುವ ಬಗೆ. ಮುರಿದೆಡೆಯಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಅಲ್ಲಿ ಮೆತ್ತನೆಯ ಹೊಸ ಬೆಳವಣಿಗೆ ಉಂಟಾಗುತ್ತದೆ. ಕ್ರಮೇಣ ಸುಣ್ಣದ ಅಂಶ ಸೇರಿ ಅದು ಗಟ್ಟಿಯಾಗುತ್ತದೆ. ಹರಡಿನ ಸಾಧಾರಣ ಮುರಿತಕ್ಕೆ ಸುಮಾರು ಆರು ವಾರಗಳೂ, ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಗೆ ಮೂರು ನಾಲ್ಕು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲವೂ ಬೇಕಾಗುತ್ತದೆ. ನೋವು ಕಡಿಮೆಯಾದ ಮಾತ್ರಕ್ಕೆ ಮೂಳೆ ಕೂಡಿತೆಂದು ತಿಳಿಯಬಾರದು. ಧೂಮಪಾನವು ಈ ಕೆಲಸವನ್ನು ತಡಮಾಡುತ್ತದೆ. ಕಟ್ಟಿನೊಳಗೆ ನೋವು ಏರುತ್ತಲೇ ಹೋದರೆ, ಬೆರಳುಗಳು ನೀಲಿಗಟ್ಟಿದರೆ ಅಥವಾ ಮರಗಟ್ಟಿದರೆ, ಮೀನಖಂಡ ಊದಿ ನೊಂದರೆ, ಉಸಿರು ಕಟ್ಟಿದಂತಾದರೆ, ನಡುರಾತ್ರಿಯಾದರೂ ಸರಿಯೆ, ಆಸ್ಪತ್ರೆಗೆ ಹೋಗಲೇಬೇಕು.

ಮೂರನೆಯದು ಊರುಗೋಲಿನ ಬಳಕೆ. ಕಂಕುಳಿಗೂ ಕೋಲಿನ ತುದಿಗೂ ಎರಡು ಮೂರು ಬೆರಳಿನಷ್ಟು ಅಂತರವಿರಬೇಕು; ಭಾರವನ್ನು ಅಂಗೈಗಳು ಹೊರಬೇಕೇ ಹೊರತು ಕಂಕುಳಲ್ಲ. ಕಂಕುಳಿನ ನರಗಳು ಒತ್ತಿಹೋದರೆ ಕೈಗಳೇ ಸೋಲುತ್ತವೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ. ಇಳಿಯುವಾಗ ಕೋಲೂ ನೊಂದ ಕಾಲೂ ಮುಂದೆ. ಪುಸ್ತಕಗಳನ್ನು ಬೆನ್ನುಚೀಲದಲ್ಲಿ ಹಾಕಿಕೊಂಡರೆ ಎರಡು ಕೈಗಳೂ ಬಿಡುವಾಗಿರುತ್ತವೆ.

ನಾಲ್ಕನೆಯದು ಹಣದ ಮಾತು. ನಮ್ಮ ಮಕ್ಕಳು ಆಸ್ಪತ್ರೆಗೆ ಹಿಂಜರಿಯಲು ಇದೇ ಮುಖ್ಯ ಕಾರಣ. ಆರು ತಿಂಗಳಿಗಿಂತ ಹೆಚ್ಚಿನ ವ್ಯಾಸಂಗಕ್ಕೆಂದು ಇಲ್ಲಿಂದ ಬ್ರಿಟನ್ನಿಗೆ ಹೋಗುವವರು ವೀಸಾದ ಜೊತೆಯಲ್ಲೇ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. 2024ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳಿಗೆ ಅದು ವರ್ಷಕ್ಕೆ 776 ಪೌಂಡುಗಳೆಂದು ನಿಗದಿಯಾಯಿತು. ಹೀಗೆ ಕಟ್ಟಿದವರಿಗೆ ಅಲ್ಲಿನ ಸರಕಾರಿ ಆಸ್ಪತ್ರೆಯ ಚಿಕಿತ್ಸೆ ದೊರೆಯುತ್ತದೆ. ಜರ್ಮನಿ, ಆಸ್ಟ್ರೇಲಿಯಗಳಲ್ಲಿ ವಿದ್ಯಾರ್ಥಿಗೆ ಆರೋಗ್ಯ ವಿಮೆ ಕಡ್ಡಾಯ. ಅಮೆರಿಕದಲ್ಲಿ ವಿಮೆಯ ಬಗೆಗಳು ಹಲವು, ವೆಚ್ಚವೂ ಬಹಳ. ವಿಮೆ ಇದ್ದರೂ ಒಂದು ಪಾಲನ್ನು ಕೈಯಿಂದ ತೆರಬೇಕಾಗಬಹುದು. ಆದುದರಿಂದ ಆಂಬ್ಯುಲೆನ್ಸು, ಕ್ಷಕಿರಣ, ಶಸ್ತ್ರಚಿಕಿತ್ಸೆ, ಅನಂತರದ ಅಂಗಸಾಧನೆ, ಇವುಗಳಲ್ಲಿ ಯಾವುದು ವಿಮೆಗೆ ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನು ಹೊರಡುವ ಮುನ್ನವೇ ಓದಿಕೊಳ್ಳಬೇಕು.

ಐದನೆಯದೇ ಅತಿ ಮುಖ್ಯವಾದುದು. ತರಗತಿಗೆ ಹೋಗಲಾಗದ ವಿದ್ಯಾರ್ಥಿಯು ನಾಚಿಕೆಯಿಂದಲೋ ಭಯದಿಂದಲೋ ಸುಮ್ಮನಿದ್ದುಬಿಟ್ಟರೆ ವರ್ಷವೂ ಹೋದೀತು, ವೀಸಾಕ್ಕೂ ಸಂಚಕಾರ ಬಂದೀತು. ಅಮೆರಿಕದ ನಿಯಮದಂತೆ, ವೈದ್ಯರ ಪತ್ರವನ್ನು ಒಪ್ಪಿಸಿ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಅಧಿಕಾರಿಯ ಅನುಮತಿಯನ್ನು ಮುಂಚಿತವಾಗಿ ಪಡೆದವರು, ಒಂದು ಪದವಿಯ ಅವಧಿಯಲ್ಲಿ ಒಟ್ಟು 12 ತಿಂಗಳು ಮೀರದಂತೆ, ಕಡಿಮೆ ಪಾಠಗಳನ್ನು ಓದಬಹುದು, ಪಾಠಗಳನ್ನು ಬಿಡಲೂಬಹುದು. ಅನುಮತಿಯಿಲ್ಲದೆ ತಾನಾಗಿ ಬಿಟ್ಟವನ ವಿದ್ಯಾರ್ಥಿ ಹಕ್ಕೇ ತಪ್ಪಿಹೋಗುತ್ತದೆ. ಪೆಟ್ಟು ಒಂದೇ, ಹೇಳಿದವನ ಗತಿ ಬೇರೆ, ಹೇಳದವನ ಗತಿ ಬೇರೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿಯೂ ವೈದ್ಯರ ಪತ್ರದೊಡನೆ ಸಕಾಲದಲ್ಲಿ ಬಿನ್ನವಿಸಿಕೊಂಡರೆ ಪರೀಕ್ಷೆಯನ್ನು ಮುಂದೂಡುವ ಕ್ರಮವುಂಟು. ಅಲ್ಲಿ ಹೀಗೆ ಕೇಳುವುದನ್ನು ಯಾರೂ ಭಿಕ್ಷೆಯೆಂದು ಎಣಿಸುವುದಿಲ್ಲ.

ತಾಯಿತಂದೆಗಳಿಗೂ ಒಂದು ಮಾತು. ನಮ್ಮ ಸೀಮೆಯಲ್ಲಿ ಮೂಳೆ ಮುರಿಯಿತೆಂದೊಡನೆ ಆಂಧ್ರದ ಪುತ್ತೂರಿನ ಕಟ್ಟು ನೆನಪಿಗೆ ಬರುತ್ತದೆ. "ವಿಮಾನ ಹತ್ತಿ ಬಂದುಬಿಡು, ಮಗು" ಎಂದು ಕರೆಯುವುದು ಕರುಳಿನ ಮಾತೇ ಸರಿ. ಆದರೆ ಕಾಲು ವಿಮಾನದಲ್ಲಿ ಊದಿಕೊಳ್ಳುವುದರಿಂದ, ಹೊಸ ಪ್ಲಾಸ್ಟರಿನವರನ್ನು ಮೊದಲ ಒಂದೆರಡು ದಿನ ವಿಮಾನದವರು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ದೀರ್ಘ ಪ್ರಯಾಣದಲ್ಲಿ ಕದಲದ ಕಾಲಿನೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ವೈದ್ಯರು ಒಪ್ಪಿದ ಮೇಲೆಯೇ ಬರಹೇಳಬೇಕು. ಮಗುವು ಸುದ್ದಿ ತಿಳಿಸಿದಾಗ ಮೊದಲು ಖರ್ಚಿನ ಲೆಕ್ಕ ಕೇಳದಿರುವುದು ಲೇಸು. ಕೇಳಿದರೆ ಮುಂದಿನ ಸುದ್ದಿ ಬಾರದೆ ಉಳಿದೀತು.

ಕಾಲು ಮೊದಲಿನಂತಾಗದೆ ಹೋದರೇನು ಗತಿ ಎಂದು ಅಂಜುವವರು ದೂರ ನೋಡಬೇಕಾಗಿಲ್ಲ. ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು ಅವರ ಬಲಗಾಲು, ಐದನೆಯ ವಯಸ್ಸಿನಲ್ಲಿ ಶಾಲೆಗೆ ಹೋಗುವಾಗ ಬಸ್ಸಿಗೆ ಸಿಕ್ಕಿ ಮೊಣಕಾಲಿನ ಕೆಳಗೆ ಜಜ್ಜಿಹೋಯಿತು. ತಾಯಿ ತರಕಾರಿ ಮಾರಿ ಸಾಕಿದರು. ಬೆಂಗಳೂರಿನಲ್ಲಿ ಸತ್ಯನಾರಾಯಣ ಎಂಬ ತರಬೇತುದಾರರ ಬಳಿ ಅವರು ಅಭ್ಯಾಸ ಮಾಡಿದರು. ಅದೇ ಗುರುಗಳ ಶಿಷ್ಯರಾದ ಹಾಸನ ಜಿಲ್ಲೆಯ ಗಿರೀಶ ನಾಗರಾಜೇಗೌಡರು 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರು ಎತ್ತರ ಜಿಗಿದು ಬೆಳ್ಳಿ ಪದಕ ಗೆದ್ದಿದ್ದರು. ಮಾರಿಯಪ್ಪನ್ 2016ರಲ್ಲಿ ರಿಯೋದಲ್ಲಿ 1.89 ಮೀಟರು ಜಿಗಿದು ಚಿನ್ನ ಗೆದ್ದರು. 2021ರಲ್ಲಿ ಟೋಕಿಯೋದಲ್ಲಿ ಬೆಳ್ಳಿ, 2024ರಲ್ಲಿ ಪ್ಯಾರಿಸಿನಲ್ಲಿ ಕಂಚು. ಟೋಕಿಯೋದಲ್ಲಿ ಮಳೆ ಬಂದು ಊನವಾದ ಕಾಲಿನ ಚೀಲ ನೆನೆದುದರಿಂದ ತೊಂದರೆಯಾಯಿತೆಂದು ಅವರೇ ಹೇಳಿದರು. ಅವರು ಕಾಲಿನ ಊನವನ್ನು ಅಡಗಿಸಿಡಲಿಲ್ಲ; ಅದನ್ನು ಬಲ್ಲ ಗುರುವನ್ನು ಆಶ್ರಯಿಸಿ, ಇದ್ದ ಬಲವನ್ನು ಬೆಳೆಸಿಕೊಂಡರು.

ವಿದ್ಯಾರ್ಥಿಗಳೇ, ಪರದೇಶದಲ್ಲಿ ಬಿದ್ದರೆ ಮೂವರಿಗೆ ತಡಮಾಡದೆ ತಿಳಿಸಿರಿ: ವೈದ್ಯರಿಗೆ, ವಿದ್ಯಾಲಯಕ್ಕೆ, ಮನೆಗೆ. ಪಾಸ್‌ಪೋರ್ಟಿನ ಜೊತೆಗೆ ವಿಮೆಯ ಪತ್ರದ ಒಂದು ಪ್ರತಿಯನ್ನು ಮನೆಯಲ್ಲಿಯೂ ಇಟ್ಟು ಹೊರಡಿರಿ.