ನೀರಿಗಾಗಿ ಕಡಿದ ಮಣ್ಣಿನ ದಾರಿ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ಪೂರ್ವಕ್ಕೆ, ಸುಪರ್‌ಸ್ಟಿಷನ್ ಬೆಟ್ಟಸಾಲಿನ ಬುಡದಿಂದ ಒಂದು ರಸ್ತೆ ಹೊರಡುತ್ತದೆ. ಸರ್ಕಾರಿ ಲೆಕ್ಕದಲ್ಲಿ ಅದು ರಾಜ್ಯ ಹೆದ್ದಾರಿ 88. ಜನರ ಬಾಯಲ್ಲಿ ಅಪಾಚೆ ಟ್ರೇಲ್. ಅಪಾಚೆ ಜಂಕ್ಷನ್ ಎಂಬ ಊರಿನಿಂದ ರೂಸ್‌ವೆಲ್ಟ್ ಅಣೆಕಟ್ಟಿನವರೆಗೆ 40 ಮೈಲಿಗೂ ತುಸು ಹೆಚ್ಚು. ಟಾರ್ಟಿಯಾ ಫ್ಲ್ಯಾಟ್ ಎಂಬ ಪುಟ್ಟ ತಂಗುದಾಣ ದಾಟಿ ಕೆಲವು ಮೈಲಿ ಹೋದ ಮೇಲೆ ಡಾಂಬರು ಮುಗಿಯುತ್ತದೆ. ಅಲ್ಲಿಂದ ಮುಂದೆ ಮಣ್ಣು, ಜಲ್ಲಿ ಮತ್ತು ಬಂಡೆ.

ಪ್ರವಾಸಿ ಪುಸ್ತಕಗಳು ಇದನ್ನು ಅಂದದ ರಸ್ತೆ ಎಂದೇ ಪರಿಚಯಿಸುತ್ತವೆ. ಅಂದಕ್ಕೇನೂ ಕೊರತೆಯಿಲ್ಲ. ಸುಮಾರು 1.8 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಯಾಗಿ ನಿಂತ ಗೋಡೆಬೆಟ್ಟಗಳು, ಅವುಗಳ ಮೈಮೇಲೆ ಹಳದಿ-ಹಸಿರು ಕಲ್ಲುಹೂವು, ಇಳಿಜಾರಿನ ತುಂಬ ಕೈಯೆತ್ತಿ ನಿಂತ ಸವಾರೊ ಕಳ್ಳಿಗಳು, ಕೆಳಗೆ ಕಮರಿಯಲ್ಲಿ ನೀಲಿ ನೀರು. ಆದರೆ ಈ ರಸ್ತೆಯನ್ನು ಯಾರೂ ಅಂದಕ್ಕೆಂದು ಮಾಡಲಿಲ್ಲ. ಮಾಡಿದ್ದು ಯಂತ್ರ ಸಾಗಿಸುವುದಕ್ಕೆ. ಅದನ್ನು ಕಡಿದವರ ಕಥೆ ಗೊತ್ತಿಲ್ಲದೆ ಇಲ್ಲಿನ ತಿರುವುಗಳನ್ನು ಇಳಿದು ಬಂದವರು ಅರ್ಧ ರಸ್ತೆಯನ್ನಷ್ಟೇ ನೋಡಿದ್ದಾರೆ ಎಂದು ನನಗನ್ನಿಸುತ್ತದೆ.

ಕಥೆ ಶುರುವಾಗುವುದು ನೀರಿನಿಂದ. ಈಗ ಫೀನಿಕ್ಸ್ ಇರುವ ಬಯಲಿನಲ್ಲಿ ಹೊಹೊಕಮ್ ಎಂಬ ಜನ ನೂರಾರು ಮೈಲಿ ಕಾಲುವೆ ತೋಡಿ ಸಾಲ್ಟ್ ನದಿಯ ನೀರಿನಲ್ಲಿ ಬೆಳೆ ತೆಗೆಯುತ್ತಿದ್ದರು. ಸುಮಾರು 1450ರ ಹೊತ್ತಿಗೆ ಆ ಕಾಲುವೆಗಳು ಬಿಕೋ ಎಂದವು. 1860ರ ದಶಕದ ಕೊನೆಯಲ್ಲಿ ಬಂದ ಬಿಳಿಯ ರೈತರು ಹಳೆಯ ಕಾಲುವೆಗಳ ಜಾಡನ್ನೇ ಹಿಡಿದು ಮತ್ತೆ ನೀರು ಹರಿಸಿದರು. ಆದರೆ ಸಾಲ್ಟ್ ನದಿ ನಂಬಿಕೆಯ ನದಿಯಾಗಿರಲಿಲ್ಲ. 1891ರಲ್ಲಿ ಉಕ್ಕಿ ಬಂದು ಊರಿನೊಳಗೇ ನುಗ್ಗಿತು. ಅದೇ ದಶಕದ ಕೊನೆಗೆ ಮಳೆ ಕೈಕೊಟ್ಟು ಹೊಲಗಳು ಒಣಗಿ ಬಿರುಕು ಬಿಟ್ಟವು, ಜನ ಗಂಟುಮೂಟೆ ಕಟ್ಟತೊಡಗಿದರು. 1900ರ ಜನಗಣತಿಯಲ್ಲಿ ಫೀನಿಕ್ಸ್‌ನ ಜನಸಂಖ್ಯೆ ಐದೂವರೆ ಸಾವಿರ. ಉಕ್ಕಿದಾಗ ಹಿಡಿದಿಟ್ಟು ಒಣಗಿದಾಗ ಬಿಡುವ ಅಣೆಕಟ್ಟು ಇಲ್ಲದಿದ್ದರೆ ಊರೇ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಅರ್ಥವಾಗಿತ್ತು.

1902ರ ಜೂನ್‌ನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸಹಿ ಹಾಕಿದ ಕಾಯ್ದೆಯಿಂದ ಪಶ್ಚಿಮದ ಒಣ ರಾಜ್ಯಗಳ ನೀರಾವರಿಗೆ ಕೇಂದ್ರ ಸರ್ಕಾರವೇ ಸಾಲ ಕೊಡುವಂತಾಯಿತು. ಮರುವರ್ಷ ಕಣಿವೆಯ ರೈತರು ಸಂಘ ಕಟ್ಟಿಕೊಂಡು, 2 ಲಕ್ಷ ಎಕರೆಗೂ ಹೆಚ್ಚು ಜಮೀನನ್ನು ಸಾಲಕ್ಕೆ ಆಧಾರವಾಗಿ ಬರೆದುಕೊಟ್ಟರು. ಟಾಂಟೊ ಹೊಳೆ ಸಾಲ್ಟ್ ನದಿಗೆ ಸೇರುವ ಜಾಗದ ಕೆಳಗೆ, ಎರಡು ಬಂಡೆಗೋಡೆಗಳ ನಡುವೆ ನದಿ ಇಕ್ಕಟ್ಟಾಗಿ ಹರಿಯುವಲ್ಲಿ ಕಟ್ಟೆ ಕಟ್ಟುವುದೆಂದು ಗೊತ್ತಾಯಿತು. ಜಾಗ ಹೇಳಿ ಮಾಡಿಸಿದಂತಿತ್ತು, ಆದರೆ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ. ಫೀನಿಕ್ಸ್ ಕಡೆಯಿಂದ ರೈಲು ಬರುತ್ತಿದ್ದುದು ಮೆಸಾ ಊರಿನವರೆಗೆ. ಅಲ್ಲಿಂದ ಕಟ್ಟೆಯ ಜಾಗಕ್ಕೆ ಸುಮಾರು 60 ಮೈಲಿ ಬೆಟ್ಟ ಮತ್ತು ಕಮರಿ.

ಸಿಮೆಂಟನ್ನು ಹೊತ್ತು ತರುವುದು ದುಬಾರಿಯೆಂದು ಲೆಕ್ಕ ಹಾಕಿ ಕಟ್ಟೆಯ ಪಕ್ಕದಲ್ಲೇ ಸರ್ಕಾರದ ಸಿಮೆಂಟ್ ಕಾರ್ಖಾನೆ ಹೂಡಿದರು. ಕಲ್ಲನ್ನು ಕಮರಿಯ ಗೋಡೆಗಳಿಂದಲೇ ಒಡೆದು ತೆಗೆದರು. ಕೆಲಸಕ್ಕೆ ಬೇಕಾದ ವಿದ್ಯುತ್ತನ್ನೂ ಕಾಲುವೆ ತೋಡಿ ಅಲ್ಲೇ ಉತ್ಪಾದಿಸಿದರು. ಆದರೆ ಕಾರ್ಖಾನೆಯ ಯಂತ್ರಗಳು, ಜನರೇಟರುಗಳು, ಕಬ್ಬಿಣದ ತೂಬಿನ ಬಾಗಿಲುಗಳು, ಸಾವಿರಾರು ಕೆಲಸಗಾರರ ಅನ್ನ-ಬಟ್ಟೆ ಹೊರಗಿನಿಂದಲೇ ಬರಬೇಕು. ಹಾಗಾಗಿ ಅಣೆಕಟ್ಟಿಗಿಂತ ಮೊದಲು ರಸ್ತೆ ಹುಟ್ಟಿತು. 1903ರಲ್ಲಿ ಶುರುವಾದ ಕೆಲಸ 1905ರಲ್ಲಿ ಮುಗಿಯಿತು. ಅದನ್ನು ಆಗ ಕರೆಯುತ್ತಿದ್ದುದು ಮೆಸಾ-ರೂಸ್‌ವೆಲ್ಟ್ ರಸ್ತೆ ಎಂದು. ಹೇಸರಗತ್ತೆಗಳ ಉದ್ದನೆಯ ಸಾಲುಗಳು ಎಳೆಯುವ ಬಂಡಿಗಳು ಬೆಟ್ಟ ಹತ್ತಿದವು. ಕುದುರೆ ಬದಲಿಸಲು, ರಾತ್ರಿ ತಂಗಲು ಅಲ್ಲಲ್ಲಿ ನಿಲ್ದಾಣಗಳಾದವು. ಟಾರ್ಟಿಯಾ ಫ್ಲ್ಯಾಟ್ ಹುಟ್ಟಿದ್ದೂ ಹಾಗೆಯೇ.

ಈ ರಸ್ತೆಯನ್ನು ಕಡಿದವರಲ್ಲಿ ಬಹುಪಾಲು ಇಲ್ಲಿನ ಮೂಲನಿವಾಸಿಗಳಾದ ಅಪಾಚೆಗಳು. ಈ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಈ ಕಮರಿಗಳು ಯಾವಪಾಯ್ ಮತ್ತು ಟಾಂಟೊ ಅಪಾಚೆ ಜನರ ನೆಲ. ಮೊದಲು ಇಲ್ಲಿದ್ದದ್ದು ಅವರ ಕಾಲ್ದಾರಿ. 1872ರ ಡಿಸೆಂಬರ್ 28ರಂದು, ಇದೇ ಸಾಲ್ಟ್ ನದಿಯ ಕಮರಿಯ ಒಂದು ಗುಹೆಯಲ್ಲಿ ಅಡಗಿದ್ದ ಯಾವಪಾಯ್ ಕುಟುಂಬಗಳನ್ನು ಅಮೆರಿಕದ ಸೇನೆ ಸುತ್ತುವರಿದು ಎಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಸತ್ತವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. 1875ರ ಚಳಿಗಾಲದಲ್ಲಿ ಅಳಿದುಳಿದವರನ್ನು ವರ್ಡೆ ಕಣಿವೆಯ ಶಿಬಿರದಿಂದ ಸ್ಯಾನ್ ಕಾರ್ಲೋಸ್ ಮೀಸಲು ಪ್ರದೇಶಕ್ಕೆ ಬೆಟ್ಟಗಳ ಮೇಲೆ ನಡೆಸಿಕೊಂಡು ಹೋದರು. ಮೂವತ್ತು ವರ್ಷ ಕಳೆಯುವುದರೊಳಗೆ ಅದೇ ಸರ್ಕಾರಕ್ಕೆ ಈ ಬಂಡೆ ಒಡೆಯಲು ಆಳು ಬೇಕಾಯಿತು. ಬೇಸಿಗೆಯಲ್ಲಿ 45 ಡಿಗ್ರಿಯ ಆಸುಪಾಸು ಕಾಯುವ ಕಮರಿಯಲ್ಲಿ ನಿಂತು ದುಡಿಯುವವರು ಹೊರಗಿನಿಂದ ಸಿಗುವುದು ಕಷ್ಟವಿತ್ತು. ಅಪಾಚೆಗಳು ಹೆಂಡತಿ-ಮಕ್ಕಳ ಸಮೇತ ಬಂದು, ರಸ್ತೆ ಮುಂದುವರಿದಂತೆ ತಮ್ಮ ಗುಡಿಸಲುಗಳನ್ನೂ ಮುಂದಕ್ಕೆ ಹಾಕಿಕೊಳ್ಳುತ್ತ ಕೆಲಸ ಮಾಡಿದರು. ಕೂಲಿ ಸಿಕ್ಕಿತು, ನಿಜ. ತಮ್ಮನ್ನು ಹೊರದಬ್ಬಿದ ನೆಲಕ್ಕೆ ಕೂಲಿಯಾಳುಗಳಾಗಿ ಮರಳಿದರು ಎಂಬುದೂ ಅಷ್ಟೇ ನಿಜ.

ಅವರ ಒಂದು ತಂಡದ ಮೇಸ್ತ್ರಿಯಾಗಿದ್ದವನು ಆಲ್ ಸೀಬರ್. ಜರ್ಮನಿಯಲ್ಲಿ ಹುಟ್ಟಿದ ಈತ ಅಪಾಚೆ ಯುದ್ಧಗಳ ಕಾಲದಲ್ಲಿ ಸೇನೆಯ ಬೇಹುಗಾರರ ಮುಖ್ಯಸ್ಥನಾಗಿದ್ದವನು. ಅಪಾಚೆ ಬೇಹುಗಾರರನ್ನು ಕಟ್ಟಿಕೊಂಡು ಅಪಾಚೆಗಳನ್ನೇ ಬೆನ್ನಟ್ಟುವುದು ಅವನ ಕೆಲಸವಾಗಿತ್ತು. 1887ರಲ್ಲಿ ಸ್ಯಾನ್ ಕಾರ್ಲೋಸ್‌ನಲ್ಲಿ ನಡೆದ ಗುಂಡಿನ ಗಲಾಟೆಯಲ್ಲಿ ಕಾಲಿಗೆ ಪೆಟ್ಟಾಗಿ ಕುಂಟನಾದ. ಮುಪ್ಪಿನಲ್ಲಿ, ಕಟ್ಟೆಯ ಹತ್ತಿರದ ಇನ್ನೊಂದು ರಸ್ತೆಯಲ್ಲಿ ಅಪಾಚೆ ಕೂಲಿಗಳ ಮೇಲ್ವಿಚಾರಣೆಗೆ ನಿಂತ. 1907ರ ಫೆಬ್ರವರಿಯಲ್ಲಿ ಉರುಳಿ ಬಂದ ಬಂಡೆಯೊಂದರ ಅಡಿಗೆ ಸಿಕ್ಕಿ ಸತ್ತ. ಅವನು ಬಿದ್ದ ಜಾಗದ ಹತ್ತಿರ ಇವತ್ತೂ ಒಂದು ಸ್ಮಾರಕವಿದೆ. ಅವನ ಕೈಕೆಳಗೆ ದುಡಿದವರನ್ನು ಚರಿತ್ರೆ ಒಟ್ಟಾಗಿ ‘ಅಪಾಚೆಗಳು’ ಎನ್ನುವ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ.

ಅವರ ಕೆಲಸ ಎಂಥದ್ದು ಎಂದು ನೋಡಬೇಕಾದರೆ ಫಿಶ್ ಕ್ರೀಕ್ ಗುಡ್ಡಕ್ಕೆ ಹೋಗಬೇಕು. ರಸ್ತೆ ಇಲ್ಲಿ ಬೆಟ್ಟದ ನೆತ್ತಿಯಿಂದ ಕಮರಿಯ ತಳಕ್ಕೆ ಒಂದೇ ಉಸಿರಿನಲ್ಲಿ ಇಳಿಯುತ್ತದೆ. ಬಹುಪಾಲು ಕಡೆ ಒಂದೇ ಗಾಡಿಯ ಅಗಲ. ಒಂದು ಮಗ್ಗುಲಿಗೆ ಬಂಡೆಯ ಗೋಡೆ, ಇನ್ನೊಂದು ಮಗ್ಗುಲಿಗೆ ಪ್ರಪಾತ. ಇಳಿಯುವವರು ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನ ಬಿಗಿಯಲ್ಲೇ ಇಳಿಯಬೇಕು. ಬ್ರೇಕನ್ನೇ ನೆಚ್ಚಿ ಕೂತರೆ ಅದು ಕಾದು ಹಿಡಿತ ಬಿಡುತ್ತದೆ. ಪ್ರತಿ ಕುರುಡು ತಿರುವಿನಲ್ಲೂ ಹಾರ್ನ್. ಎದುರಿಗೆ ಗಾಡಿ ಬಂದರೆ ಹತ್ತುವವರಿಗೆ ದಾರಿ ಬಿಟ್ಟು ಇಳಿಯುವವರು ಅಗಲದ ಜಾಗ ನೋಡಿ ನಿಲ್ಲುವುದು ಬೆಟ್ಟದ ರಸ್ತೆಗಳ ಮರ್ಯಾದೆ. ಚಪ್ಪಟೆ ಜಾಗಗಳಲ್ಲಿ ಇನ್ನೊಂದು ಪೀಡೆ: ಚಕ್ರಗಳ ಓಟಕ್ಕೆ ಜಲ್ಲಿ ಅಡ್ಡಡ್ಡ ಏಣುಗಟ್ಟಿ, ರಸ್ತೆ ಬಟ್ಟೆ ಒಗೆಯುವ ಉಬ್ಬುತಗ್ಗಿನ ಹಲಗೆಯಂತಾಗಿರುತ್ತದೆ. ಗಾಡಿ ನಡುಗಿ, ಸ್ಟಿಯರಿಂಗ್ ಕೈಯಲ್ಲಿ ಅದುರುತ್ತದೆ. ಅಲ್ಲಿ ವೇಗ ತಗ್ಗಿಸುವುದಲ್ಲದೆ ಬೇರೆ ಉಪಾಯವಿಲ್ಲ. ತೀರಾ ಉದ್ದದ ಗಾಡಿಗಳಂತೂ ಈ ಕಡೆ ತಲೆ ಹಾಕಲೇಬಾರದು.

ಗಾಡಿ ನಿಲ್ಲಿಸುವಷ್ಟು ಜಾಗ ಸಿಕ್ಕ ಕಡೆ ಇಳಿದು, ರಸ್ತೆಯ ಹೊರ ಅಂಚನ್ನು ಕೆಳಗಿನಿಂದ ನೋಡಿ. ಪ್ರಪಾತದ ಮಗ್ಗುಲಿಗೆ ರಸ್ತೆಯನ್ನು ಹೊತ್ತು ನಿಂತ ಕಲ್ಲುಕಟ್ಟಣೆ ಕಾಣುತ್ತದೆ. ಗಾರೆಯಿಲ್ಲ, ಸಿಮೆಂಟಿಲ್ಲ. ದಪ್ಪ ಕಲ್ಲಿನ ಮೇಲೆ ದಪ್ಪ ಕಲ್ಲು, ಸಂದಿಗೆ ಚೂರುಗಲ್ಲು, ಕಟ್ಟಣೆ ಸ್ವಲ್ಪವೇ ಬೆಟ್ಟದ ಕಡೆಗೆ ವಾಲಿದೆ. ಗಾರೆಯಿಲ್ಲದಿರುವುದೇ ಇದರ ಗಟ್ಟಿತನ: ಹಿಂದೆ ನಿಂತ ಮಳೆನೀರು ಸಂದಿಗಳಲ್ಲಿ ಸೋರಿ ಹೋಗುತ್ತದೆ, ಗೋಡೆಯನ್ನು ದಬ್ಬುವುದಿಲ್ಲ. ಹೇಸರಗತ್ತೆಯ ಬಂಡಿಗೆಂದು ಕಟ್ಟಿದ ಈ ಅಂಚುಗಳ ಮೇಲೆ ನೂರು ವರ್ಷಕ್ಕೂ ಮೀರಿ ಮೋಟಾರುಗಳು ಓಡಿವೆ. ನನ್ನ ಮಟ್ಟಿಗೆ ಇಡೀ ರಸ್ತೆಯಲ್ಲಿ ಇದಕ್ಕಿಂತ ದೊಡ್ಡ ನೋಟ ಇನ್ನೊಂದಿಲ್ಲ.

ಅಣೆಕಟ್ಟಿನ ಮೊದಲ ಕಲ್ಲು ಕೂತದ್ದು 1906ರ ಸೆಪ್ಟೆಂಬರ್‌ನಲ್ಲಿ. ಕಟ್ಟೆ 280 ಅಡಿ ಏರಿ 1911ರಲ್ಲಿ ಮುಗಿಯಿತು. ಮಾರ್ಚ್ 18ರಂದು, ಆಗ ಮಾಜಿ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಇದೇ ರಸ್ತೆಯಲ್ಲಿ ಮೋಟಾರಿನಲ್ಲಿ ಬಂದು ಅದನ್ನು ಉದ್ಘಾಟಿಸಿದರು. ಅರಿಜೋನಾಕ್ಕೆ ರಾಜ್ಯದ ಸ್ಥಾನ ಸಿಕ್ಕಿದ್ದು ಅದರ ಮರುವರ್ಷ.

ಕಟ್ಟೆ ಮುಗಿದ ಮೇಲೆ ರಸ್ತೆಗೆ ಕೆಲಸವಿಲ್ಲದಂತಾಯಿತು. ಆಗ ಕೈಹಾಕಿದ್ದು ಸದರ್ನ್ ಪೆಸಿಫಿಕ್ ರೈಲು ಕಂಪನಿ. 1910ರ ದಶಕದ ನಡುವಿನಲ್ಲಿ ಅದು ತನ್ನ ಪ್ರಯಾಣಿಕರಿಗೆ ಒಂದು ಅಡ್ಡದಾರಿಯ ಆಸೆ ತೋರಿಸಿತು: ಗ್ಲೋಬ್ ಊರಿನ ಕಡೆ ರೈಲು ಇಳಿಯಿರಿ, ಮೋಟಾರಿನಲ್ಲಿ ಬೆಟ್ಟ ನೋಡುತ್ತ ಫೀನಿಕ್ಸ್ ಸೇರಿ ಮತ್ತೆ ರೈಲು ಹತ್ತಿರಿ. ಜಾಹೀರಾತಿಗೆ ಮೆಸಾ-ರೂಸ್‌ವೆಲ್ಟ್ ಎಂಬ ಹೆಸರು ಸಪ್ಪೆ. ಹಾಗಾಗಿ ಅದು ಅಪಾಚೆ ಟ್ರೇಲ್ ಎಂದಾಯಿತು. ರಸ್ತೆ ಕಡಿದವರ ನೆನಪಿಗೆ ಇಟ್ಟ ಹೆಸರಲ್ಲ ಅದು, ಟಿಕೆಟು ಮಾರಲು ಇಟ್ಟದ್ದು. ಆದರೂ ಹೆಸರು ಸಲ್ಲಬೇಕಾದವರಿಗೇ ಸಂದಿದೆ ಎಂಬುದು ನನಗೆ ಸಮಾಧಾನ.

1920ರ ದಶಕದಲ್ಲಿ ತಾಮ್ರದ ಗಣಿಗಳ ಊರುಗಳನ್ನು ಹಾದು ಫೀನಿಕ್ಸ್‌ಗೆ ಬೇರೊಂದು ಹೆದ್ದಾರಿ ತೆರೆಯಿತು. ಸರಕು, ಬಸ್ಸು ಎಲ್ಲ ಆ ಕಡೆ ತಿರುಗಿದವು. ಅಪಾಚೆ ಟ್ರೇಲಿನ ಮೇಲ್ಭಾಗ ಮಣ್ಣಾಗಿಯೇ ಉಳಿಯಲು ಅದೇ ಕಾರಣ. ನದಿಯಲ್ಲಿ ಮಾತ್ರ ಇನ್ನಷ್ಟು ಕಟ್ಟೆಗಳೆದ್ದವು: 1925ರಲ್ಲಿ ಮಾರ್ಮನ್ ಫ್ಲ್ಯಾಟ್, 1927ರಲ್ಲಿ ಹಾರ್ಸ್ ಮೆಸಾ. ಇವತ್ತು ರಸ್ತೆಯ ಪಕ್ಕದಲ್ಲಿ ಕಾಣುವ ಕ್ಯಾನಿಯನ್ ಲೇಕ್, ಅಪಾಚೆ ಲೇಕ್ ಎಂಬ ಸರೋವರಗಳು ಆ ಕಟ್ಟೆಗಳ ಹಿನ್ನೀರು. ಹಳೆಯ ರೂಸ್‌ವೆಲ್ಟ್ ಕಟ್ಟೆಗೂ 1996ರಲ್ಲಿ ಕಾಂಕ್ರೀಟಿನ ಹೊದಿಕೆ ಬಿದ್ದು ಎತ್ತರ 357 ಅಡಿಯಾಯಿತು. ಹಳೆಯ ಕಲ್ಲುಕಟ್ಟಡ ಈಗ ಹೊರಗೆ ಕಾಣುವುದಿಲ್ಲ. ಆ ಕಾಲದ ಕಲ್ಲುಕೆಲಸ ಕಣ್ಣಿಗೆ ಬೀಳುವುದು ಇನ್ನು ರಸ್ತೆಯಲ್ಲೇ.

ಆ ರಸ್ತೆಯೂ ಹೋಗಿಬಿಡುವುದರಲ್ಲಿತ್ತು. 2019ರ ಜೂನ್‌ನಲ್ಲಿ ಸುಪರ್‌ಸ್ಟಿಷನ್ ಬೆಟ್ಟಗಳಲ್ಲಿ ಹತ್ತಿದ ವುಡ್‌ಬರಿ ಕಾಳ್ಗಿಚ್ಚು ಒಂದು ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. ಈ ಮರುಭೂಮಿಗೆ ಬೆಂಕಿ ಒಗ್ಗಿದ್ದಲ್ಲ. ಗಿಡಗಳ ನಡುವೆ ಬರಿ ನೆಲವಿರುತ್ತಿದ್ದುದರಿಂದ ಬೆಂಕಿ ಹಬ್ಬುತ್ತಿರಲಿಲ್ಲ. ಹೊರಗಿನಿಂದ ಬಂದ ಹುಲ್ಲುಗಳು ಆ ಸಂದುಗಳನ್ನು ತುಂಬಿ ಉರಿಗೆ ದಾರಿ ಮಾಡಿಕೊಟ್ಟಿವೆ. ಮೊದಲ ಕೈ ಮೂಡಲು ಐವತ್ತು ವರ್ಷಕ್ಕೂ ಹೆಚ್ಚು ತೆಗೆದುಕೊಳ್ಳುವ ಸವಾರೊ ಬೆಂದರೆ ಮತ್ತೆ ಚಿಗುರುವುದು ಅಪರೂಪ. ಬೆಂಕಿಯಿಂದ ಬೋಳಾದ, ನೀರು ಹೀರದಂತಾದ ಇಳಿಜಾರಿನ ಮೇಲೆ ಸೆಪ್ಟೆಂಬರ್‌ನಲ್ಲಿ ಭಾರಿ ಮಳೆ ಸುರಿಯಿತು. ಬೂದಿ, ಕೆಸರು, ಬಂಡೆ ಒಟ್ಟಾಗಿ ಇಳಿದು ರಸ್ತೆಯನ್ನು ಕೊಚ್ಚಿದವು. ಫಿಶ್ ಕ್ರೀಕ್ ಗುಡ್ಡದಿಂದ ಅಪಾಚೆ ಲೇಕ್ ಕಡೆಗಿನ ಭಾಗ ಐದು ವರ್ಷ ಮುಚ್ಚಿತ್ತು. 2024ರ ಸೆಪ್ಟೆಂಬರ್‌ನಲ್ಲಿ, ನೆಲದಿಂದ ಎತ್ತರವಿರುವ ಫೋರ್ ವೀಲ್ ಡ್ರೈವ್ ಗಾಡಿಗಳಿಗೆಂದು ಅದನ್ನು ಮತ್ತೆ ತೆರೆದರು.

ಇನ್ನು ಇದಕ್ಕೆ ಡಾಂಬರು ಹಾಕಿ ಅಗಲ ಮಾಡಬಾರದೇ ಎಂದು ಕೇಳುವವರಿದ್ದಾರೆ. ಬೇಡ ಎನ್ನುತ್ತೇನೆ. ಅಗಲ ಮಾಡಿದರೆ ಮೊದಲು ಬೀಳುವುದು ಆ ಒಣಕಲ್ಲಿನ ಕಟ್ಟಣೆಗಳೇ. ಅವಸರದವರಿಗೆ ಇನ್ನೊಂದು ಹೆದ್ದಾರಿ ಇದ್ದೇ ಇದೆ.

ಫೀನಿಕ್ಸ್, ಚಾಂಡ್ಲರ್ ಕಡೆ ಕೆಲಸಕ್ಕೆಂದು ನೆಲೆಸಿದ ಕನ್ನಡ ಕುಟುಂಬಗಳು ಹಲವು. ಅವರ ಮನೆಯ ನಲ್ಲಿಗೆ ಬರುವ ನೀರಿನಲ್ಲೂ ಈ ನದಿಯ ಪಾಲಿದೆ. ಅಲ್ಲಿರುವವರು, ಮಗನನ್ನೋ ಮಗಳನ್ನೋ ನೋಡಲು ಅಲ್ಲಿಗೆ ಹೋಗುವವರು ಒಮ್ಮೆ ಈ ದಾರಿಯಲ್ಲಿ ಹೋಗಿಬನ್ನಿ. ನವೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳು ಒಳ್ಳೆಯವು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಭಯ. ಬಾಡಿಗೆ ಕಾರಿನವರು ಮಣ್ಣಿನ ರಸ್ತೆಗೆ ವಿಮೆ ಕೊಡುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಸಾಕಷ್ಟು ಕುಡಿಯುವ ನೀರು, ಒಂದು ಒಳ್ಳೆಯ ಸ್ಟೆಪ್ನಿ ಇರಲಿ. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಮತ್ತು ಆ ದಿನ ರಸ್ತೆ ತೆರೆದಿದೆಯೇ ಎಂದು ಅರಿಜೋನಾ ಸಾರಿಗೆ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೊರಡಿ.