ರಿಪೋರ್ಟ್ ನಾರ್ಮಲ್, ಪಾದ ಮಾತ್ರ ಜುಂ

ಕಿಮೋ ಮುಗಿದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಈಗ ಆರಾಮ ತಾನೇ?" ಕೇಳುವವರಿಗೆ ಹೌದು ಎನ್ನುವ ಉತ್ತರ ಬೇಕಿರುತ್ತದೆ, ನಮಗೂ ಹೌದು ಎನ್ನುವ ಆಸೆ ಇರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಆಮೇಲೆ ಆರು ತಿಂಗಳ ಕಿಮೋ ಮುಗಿಸಿ ನಾನೂ ಕೆಲವು ವಾರ ಹಾಗೆಯೇ ಅಂದೆ. ಸ್ಕ್ಯಾನ್ ಚೆನ್ನಾಗಿ ಬಂದಿತ್ತು, ಆಫೀಸಿನ ಲ್ಯಾಪ್‌ಟಾಪ್ ಮತ್ತೆ ತೆರೆದಿದ್ದೆ. ಔಷಧಿ ನಿಂತು ಎರಡು ತಿಂಗಳಾದ ಮೇಲೆ ಎರಡೂ ಪಾದಗಳಿಗೆ ಯಾರೋ ಕಾಣದ ದಪ್ಪ ಕಾಲುಚೀಲ ತೊಡಿಸಿದಂತಾಯಿತು. ಬೆರಳ ತುದಿಗಳಲ್ಲಿ ಇರುವೆ ಹರಿದಾಟ. ರಾತ್ರಿ ಹೊದಿಕೆ ತಾಗಿದರೆ ಕಾಲ್ಬೆರಳಲ್ಲಿ ಉರಿ.

ಹೊರಗಿನಿಂದ ನೋಡಿದರೆ ಏನೂ ಇಲ್ಲ. ಗಾಯವಿಲ್ಲ, ಬಾವಿಲ್ಲ. ಧಾರವಾಡದಿಂದ ಬಂದು ನನ್ನ ಜೊತೆ ಪುಣೆಯಲ್ಲಿದ್ದ ಅಮ್ಮ, "ಎಲ್ಲಾ ರಿಪೋರ್ಟ್ ಛಲೋ ಬಂದಾವಂತ, ಮತ್ಯಾಕ ಕಾಲು ಹಿಡಕೊಂಡು ಕೂತೀ?" ಎಂದು ಕೇಳಿದರೆ ಹೇಳಲು ನನ್ನ ಬಳಿ ಸರಿಯಾದ ಮಾತಿರಲಿಲ್ಲ.

ಮಾತಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಔಷಧಿಯ ಕತೆ. ನನಗೆ ಕೊಟ್ಟದ್ದು ಎರಡು: ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಆಕ್ಸಾಲಿಪ್ಲಾಟಿನ್, ಜೊತೆಗೆ ಕೇಪ್ಸಿಟಬೀನ್ ಮಾತ್ರೆ. ಮೊದಲನೆಯದರ ಮೂಲದ್ರವ್ಯ ಪ್ಲಾಟಿನಂ ಲೋಹ. ಜಪಾನಿನ ನಗೋಯಾದಲ್ಲಿ 1976ರಲ್ಲಿ ತಯಾರಾದ ಈ ಸಂಯುಕ್ತ ಇವತ್ತು ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ಬೆನ್ನೆಲುಬು. ಇದರ ಮೊದಲ ಚೇಷ್ಟೆ ತಣುಪಿನದು. ಔಷಧಿ ಹೋದ ದಿನವೇ ಫ್ರಿಜ್ಜಿನ ಬಾಗಿಲು ತೆಗೆದು ಮೊಸರಿನ ಪಾತ್ರೆ ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ. ತಣ್ಣೀರು ಕುಡಿದರೆ ಗಂಟಲು ಹಿಡಿದಂತಾಗಿ ಉಸಿರೇ ನಿಲ್ಲುತ್ತದೇನೋ ಎಂಬ ಭಯ. ಊಟದ ಮೊದಲ ತುತ್ತು ಅಗಿಯುವಾಗ ದವಡೆಯಲ್ಲಿ ಛಳಕ್ಕೆಂದು ನೋವು, ಎರಡನೆಯ ತುತ್ತಿಗೆ ಅದು ಮಾಯ. ಇದೆಲ್ಲ ಮೊದಲೇ ಹೇಳಿದ್ದರು. ಕೆಲವು ದಿನಗಳಲ್ಲಿ ಇಳಿಯುತ್ತಲೂ ಇತ್ತು. ಪುಣೆಯ ಡಿಸೆಂಬರಿನಲ್ಲಿ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಉಣ್ಣೆಯ ಕೈಗವಸು ಹಾಕಿಕೊಂಡು ಹೋದರೆ ನೆರೆಯವರು ನಗುತ್ತಿದ್ದರು, ಅಷ್ಟೇ.

ಯಾರೂ ಬಿಡಿಸಿ ಹೇಳದೇ ಇದ್ದದ್ದು ಎರಡನೆಯ ಚೇಷ್ಟೆ. ಪ್ಲಾಟಿನಂ ಔಷಧಿಗಳಲ್ಲಿ ನರದ ತೊಂದರೆ ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಹೆಚ್ಚುತ್ತಲೇ ಹೋಗಬಹುದು. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದರೂ ಗಾಡಿ ಉರುಳುತ್ತಾ ಹೋಗುವುದಿಲ್ಲವೇ, ಹಾಗೆ. ಸ್ಪರ್ಶದ ನರಕೋಶಗಳ ತಾಯಿಬೇರು ಇರುವುದು ಬೆನ್ನುಮೂಳೆಯ ಪಕ್ಕದ ಸಣ್ಣ ಗಂಟುಗಳಲ್ಲಿ. ಮಿದುಳಿಗೆ ಇರುವಂಥ ಕಾವಲುಗೋಡೆ ಆ ಗಂಟುಗಳಿಗಿಲ್ಲ, ಹೀಗಾಗಿ ಪ್ಲಾಟಿನಂ ಸಲೀಸಾಗಿ ಒಳಹೊಕ್ಕು ಅಲ್ಲೇ ಕೂರುತ್ತದೆ. ಅಲ್ಲಿಂದ ಕಾಲ್ಬೆರಳ ತುದಿಗೆ ಹೋಗುವ ತಂತು ಸುಮಾರು ಒಂದು ಮೀಟರ್ ಉದ್ದ. ಮೂಲದಲ್ಲಿ ಶಕ್ತಿ ಕುಂದಿದರೆ ಮೊದಲು ಸೊರಗುವುದು ತುದಿ. ಮಲಪ್ರಭಾ ಕಾಲುವೆಯ ನೀರು ಕೊನೆಯ ಹೊಲಗಳಿಗೆ ಮುಟ್ಟದ ಕತೆ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಅದಕ್ಕೇ ತೊಂದರೆ ಎರಡೂ ಪಾದಗಳಲ್ಲಿ, ಆಮೇಲೆ ಎರಡೂ ಕೈಗಳಲ್ಲಿ, ಕಾಲುಚೀಲ ಮತ್ತು ಕೈಗವಸಿನ ಆಕಾರದಲ್ಲೇ ಶುರುವಾಗುತ್ತದೆ.

ಇದು ನನ್ನೊಬ್ಬಳ ಪಾಡಲ್ಲ. ಸ್ತನ ಕ್ಯಾನ್ಸರ್‌ಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್, ರಕ್ತದ ಕ್ಯಾನ್ಸರ್‌ಗಳಿಗೆ ಕೊಡುವ ವಿನ್‌ಕ್ರಿಸ್ಟೀನ್, ಬೋರ್ಟೆಜೊಮಿಬ್ ಎಲ್ಲವೂ ಬೇರೆ ಬೇರೆ ದಾರಿಯಲ್ಲಿ ನರಗಳನ್ನು ತಟ್ಟುತ್ತವೆ. ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ 31 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೊಂದರಲ್ಲಿ, ಕಿಮೋ ಮುಗಿದ ಮೊದಲ ತಿಂಗಳಲ್ಲಿ ಶೇಕಡಾ 68 ಮಂದಿಗೆ, ಆರು ತಿಂಗಳು ದಾಟಿದ ಮೇಲೂ ಶೇಕಡಾ 30 ಮಂದಿಗೆ ಈ ತೊಂದರೆ ಇತ್ತು. ಔಷಧಿಯ ಅವಧಿಯೂ ಮುಖ್ಯ. 2018ರಲ್ಲಿ ಪ್ರಕಟವಾದ, ಆರು ಪ್ರಯೋಗಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಕರುಳಿನ ಕ್ಯಾನ್ಸರ್ ರೋಗಿಗಳ ಲೆಕ್ಕದಲ್ಲಿ, ನನಗೆ ಕೊಟ್ಟ ಜೋಡಿಯನ್ನೇ ಆರು ತಿಂಗಳು ಪಡೆದವರಲ್ಲಿ ಶೇಕಡಾ 45 ಮಂದಿಗೆ ಗಣನೀಯ ನರದ ತೊಂದರೆ ಕಂಡಿತ್ತು. ಮೂರೇ ತಿಂಗಳು ಪಡೆದವರಲ್ಲಿ ಅದು ಶೇಕಡಾ 14. ಕಡಿಮೆ ಅಪಾಯದ ಗುಂಪಿನವರಿಗೆ ಈಗ ಮೂರು ತಿಂಗಳೇ ಸಾಕೆನ್ನುವುದು ಅದರಿಂದಲೇ. ನನ್ನದು ಹೆಚ್ಚು ಅಪಾಯದ ಗುಂಪು, ಆರು ತಿಂಗಳು ಬೇಕಿತ್ತು. ಅದರ ಬಗ್ಗೆ ದೂರಿಲ್ಲ. ಆದರೆ ಈಗ ಚಿಕಿತ್ಸೆ ಶುರು ಮಾಡುವವರು "ನನಗೆ ಎಷ್ಟು ತಿಂಗಳು, ಯಾಕೆ?" ಎಂದು ಕೇಳಲೇಬೇಕು.

ಈಗ ಮಾತಿನ ವಿಷಯ. ನರತಜ್ಞರು ಮರಾಠಿಯವರು, ಸಹೃದಯಿ. "ಮುಂಗ್ಯಾ ಯೇತಾತ್ ಕಾ?" ಎಂದು ಕೇಳಿದರು. ಇರುವೆ ಬರುತ್ತವೆಯೇ ಎಂದರೆ ಜುಂ ಎನ್ನುತ್ತದೆಯೇ ಎಂದರ್ಥ. ಇದನ್ನು ನಾನು ತಕ್ಷಣ ಹಿಡಿದೆ. ಮುಂದಿನ ಪ್ರಶ್ನೆ, "ಬಧಿರ್ ವಾಟತಂ ಕಾ?" ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಇಲ್ರೀ ಡಾಕ್ಟ್ರ, ಆಕಿಗೆ ಕಿವಿ ಛಲೋ ಕೇಳಸ್ತಾವ್" ಎಂದಳು. ನಮ್ಮಲ್ಲಿ ಬಧಿರ ಎಂದರೆ ಕಿವುಡ. ಮರಾಠಿಯಲ್ಲಿ ಸ್ಪರ್ಶ ಸತ್ತ ಚರ್ಮಕ್ಕೂ ಅದೇ ಪದ. ನಕ್ಕೆವು ನಿಜ, ಆದರೆ ಹೊರಗೆ ಬಂದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಕನ್ನಡದಲ್ಲೇ ಕೇಳಿದ್ದರೂ ನಾನು "ಜೋಮು" ಎಂದಷ್ಟೇ ಹೇಳುತ್ತಿದ್ದೆ. ಜೋಮು ಎಂದರೆ ಸ್ಪರ್ಶವೇ ಇಲ್ಲ ಎಂದೂ ಆಗಬಹುದು, ಇಲ್ಲದ ಸ್ಪರ್ಶ ಇದೆ ಅನ್ನಿಸುತ್ತದೆ ಎಂದೂ ಆಗಬಹುದು. ವೈದ್ಯರಿಗೆ ಇವೆರಡೂ ಬೇರೆ ಬೇರೆ ಲಕ್ಷಣಗಳು, ಮದ್ದೂ ಬೇರೆ.

ನರದ ಪರೀಕ್ಷೆಯಲ್ಲಿ ಕಾಲಿಗೆ ತಂತಿ ಹಚ್ಚಿ ಸಣ್ಣ ಸಣ್ಣ ಶಾಕ್ ಕೊಟ್ಟು ಸಂದೇಶದ ವೇಗ ಅಳೆಯುತ್ತಾರೆ. ನನ್ನದು ಹೆಚ್ಚುಕಡಿಮೆ ನಾರ್ಮಲ್. ಈ ಪರೀಕ್ಷೆ ಹಿಡಿಯುವುದು ದಪ್ಪ, ವೇಗದ ತಂತುಗಳನ್ನು ಮಾತ್ರ. ಉರಿ, ಬಿಸಿ-ತಣುಪು, ಚುಚ್ಚುವ ನೋವು ಹೊರುವ ಸಣ್ಣ ತಂತುಗಳು ಅದರ ಜಾಲದಲ್ಲಿ ಸಿಗುವುದಿಲ್ಲ. ಸಾಫ್ಟ್‌ವೇರ್ ಕೆಲಸದವಳಾದ ನನಗೆ ಇದು ಕೂಡಲೇ ಅರ್ಥವಾಯಿತು. ಲಾಗ್‌ನಲ್ಲಿ ಎರರ್ ಇಲ್ಲ ಎಂದರೆ ತೊಂದರೆ ಇಲ್ಲ ಎಂದಲ್ಲ, ಆ ಭಾಗದ ಲಾಗ್ ಬರೆಯುತ್ತಲೇ ಇಲ್ಲ ಎಂದೂ ಆಗಬಹುದು. ಅಂಥ ಕಡೆ ಬಳಕೆದಾರ ಕೊಡುವ ವಿವರವೇ ಆಧಾರ. ಇಲ್ಲಿ ಬಳಕೆದಾರಳು ನಾನು.

ಮುಂದಿನ ಭೇಟಿಗೆ ಒಂದು ನೋಟ್‌ಬುಕ್ ಒಯ್ದೆ. ನಾಲ್ಕು ಕಂಬಸಾಲು: ಮರಗಟ್ಟಿದ್ದು, ಜುಂ ಅನ್ನುವುದು, ಉರಿ, ಮುಟ್ಟಿದರೆ ನೋವು. ಪ್ರತಿ ದಿನ ಹತ್ತಕ್ಕೆ ಎಷ್ಟು, ಯಾವ ಹೊತ್ತು, ಎಲ್ಲಿವರೆಗೆ. "ಶರ್ಟಿನ ಗುಂಡಿ ಹಾಕಲು ಆಗುತ್ತದೆಯೇ?" ಎನ್ನುವುದು ಅವರ ಮಾಮೂಲಿ ಪ್ರಶ್ನೆ. ನಾನು ಶರ್ಟು ಹಾಕುವವಳಲ್ಲ. ರವಿಕೆಯ ಹುಕ್ಕು ಸಿಗುತ್ತಿಲ್ಲ, ಅಕ್ಕಿಯಲ್ಲಿ ಕಲ್ಲು ಬೆರಳಿಗೆ ಗೊತ್ತಾಗುತ್ತಿಲ್ಲ, ಮಲ್ಲಿಗೆ ಕಟ್ಟುವಾಗ ದಾರ ಎಲ್ಲಿದೆಯೆಂದು ಕಣ್ಣಲ್ಲಿ ನೋಡಿಯೇ ತಿಳಿಯಬೇಕು ಎಂದು ಬರೆದುಕೊಂಡು ಹೋದೆ. ಅವರು ಪುಟ ಓದಿ ಮೊದಲ ಸಲ ಔಷಧಿಯ ಮಾತು ಎತ್ತಿದರು.

ಆ ಔಷಧಿಯೆಂದರೆ ಡುಲಾಕ್ಸಟೀನ್. ಮೂಲತಃ ಖಿನ್ನತೆಗೆ ಕೊಡುವ ಮಾತ್ರೆ. ಕಿಮೋದಿಂದ ಬಂದ ನರದ ನೋವಿಗೆ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ತನ್ನ 2020ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದ ಒಂದೇ ಔಷಧಿ ಇದು. ಪವಾಡವೇನಲ್ಲ. 2013ರ ಪ್ರಯೋಗದಲ್ಲಿ ಇದನ್ನು ತೆಗೆದುಕೊಂಡವರಲ್ಲಿ ಶೇಕಡಾ 59 ಮಂದಿಗೆ ಅಷ್ಟಿಷ್ಟಾದರೂ ನೋವು ಇಳಿದರೆ, ಬರಿಯ ಹುಸಿಮಾತ್ರೆ ತೆಗೆದುಕೊಂಡವರಲ್ಲೂ ಶೇಕಡಾ 38 ಮಂದಿಗೆ ಇಳಿದಿತ್ತು. ಅದು ಕೆಲಸ ಮಾಡುವುದು ಮುಖ್ಯವಾಗಿ ನೋವಿಗೆ. ಮರಗಟ್ಟಿದ ಪಾದಕ್ಕೆ ಸ್ಪರ್ಶ ಮರಳಿಸುವ ಮಾತ್ರೆ ಇನ್ನೂ ಬಂದಿಲ್ಲ. ನನಗೆ ಮೊದಲ ವಾರ ವಾಕರಿಕೆ, ಮೂರನೇ ವಾರದಿಂದ ರಾತ್ರಿಯ ಉರಿ ಆರರಿಂದ ಮೂರಕ್ಕೆ ಬಂತು. ಜುಂ ಅನ್ನುವುದು ಇದ್ದಲ್ಲೇ ಇತ್ತು. ಇದನ್ನು ವೈದ್ಯರಿಗೆ ಕೇಳದೆ ಥಟ್ಟನೆ ನಿಲ್ಲಿಸಬಾರದು.

ಔಷಧಿಗೆ ಮೊದಲು ಅವರು ರಕ್ತಪರೀಕ್ಷೆ ಮಾಡಿಸಿದ್ದನ್ನೂ ಹೇಳಬೇಕು. ಸಕ್ಕರೆ, ಥೈರಾಯ್ಡ್, ಬಿ12. ಎಲ್ಲವನ್ನೂ ಕಿಮೋ ತಲೆಗೆ ಕಟ್ಟಿದರೆ ಸರಿಪಡಿಸಬಹುದಾದ ಕಾರಣ ತಪ್ಪಿಹೋಗುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದೊಂದೇ ಸಾಕು ಪಾದ ಜುಂ ಅನ್ನಿಸಲು. ನನ್ನದೂ ಕಡಿಮೆ ಇತ್ತು, ಇಂಜೆಕ್ಷನ್ ಆಯಿತು. ಆದರೆ ನೆಂಟರು ಅಂಗಡಿಯಿಂದ ತಂದುಕೊಡುವ "ನರಗಳ ಶಕ್ತಿ" ಮಾತ್ರೆಯ ಹಿಂಬದಿ ಓದಿ. ಬಿ6 ಹೆಚ್ಚು ಪ್ರಮಾಣದಲ್ಲಿ ಬಹಳ ಕಾಲ ಹೋದರೆ ಅದೇ ನರಗಳನ್ನು ಹಾಳುಮಾಡುತ್ತದೆ.

ಚರ್ಮದ ಕತೆ ಕೇಪ್ಸಿಟಬೀನ್‌ನದು. ಅಂಗೈ ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಎದ್ದು ಬೆರಳಚ್ಚು ಸವೆದುಹೋಗುತ್ತದೆ. ಸಿಂಗಪುರದ ವೈದ್ಯರು 2009ರಲ್ಲಿ ವರದಿ ಮಾಡಿದ ಪ್ರಕರಣದಲ್ಲಿ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ 62 ವರ್ಷದವರೊಬ್ಬರನ್ನು ಬೆರಳಚ್ಚು ಸಿಗಲಿಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂರಿಸಿದ್ದರು. ನನಗೆ ಅಷ್ಟು ದೊಡ್ಡ ಅನುಭವವಿಲ್ಲ. ಆಫೀಸಿನ ಹಾಜರಿ ಯಂತ್ರ ನನ್ನನ್ನು ಗುರುತಿಸಲಿಲ್ಲ, ಸಿಮ್ ಕಾರ್ಡಿನ ಅಂಗಡಿಯಲ್ಲಿ ಆಧಾರ್ ಹೆಬ್ಬೆಟ್ಟು ಹತ್ತು ಸಲ ಒತ್ತಿದರೂ ಸಿಗಲಿಲ್ಲ. ಕಣ್ಣಿನ ಪಾಪೆ ಅಥವಾ ಮುಖದಿಂದಲೂ ಆಧಾರ್ ದೃಢೀಕರಣ ಮಾಡಬಹುದು, ಕೌಂಟರಿನಲ್ಲಿ ಅದನ್ನು ಕೇಳಿ. ಈಗ ಈ ಮಾತ್ರೆ ನುಂಗುತ್ತಿರುವವರಿಗೆ ಒಂದು ಒಳ್ಳೆಯ ಸುದ್ದಿ ದೆಹಲಿಯ ಏಮ್ಸ್‌ನಿಂದ ಬಂದಿದೆ. 2024ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ನಾವು ಸೊಂಟನೋವಿಗೆ ಹಚ್ಚುವ ಡಿಕ್ಲೋಫೆನಾಕ್ ಜೆಲ್ ಅನ್ನೇ ಕೈಗೆ ಹಚ್ಚಿಕೊಂಡವರಲ್ಲಿ ತೀವ್ರತರದ ತೊಂದರೆ ಶೇಕಡಾ 15ರಿಂದ ಶೇಕಡಾ 4ಕ್ಕೂ ಕಡಿಮೆಯಾಯಿತು. ನಿಮ್ಮ ವೈದ್ಯರನ್ನು ಕೇಳಿಯೇ ಹಚ್ಚಿ, ಆದರೆ ಖಂಡಿತ ಕೇಳಿ.

ಮನೆಯೊಳಗಿನ ದೊಡ್ಡ ಜಗಳ ಚಪ್ಪಲಿಯದು. ಸ್ಪರ್ಶವಿಲ್ಲದ ಪಾದಕ್ಕೆ ಬರಿಗಾಲು ಅಪಾಯ. ಮುಳ್ಳು ಚುಚ್ಚಿದ್ದು, ಬಿಸಿಲಲ್ಲಿ ಕಾದ ದೇವಸ್ಥಾನದ ಕಲ್ಲು ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಅಡುಗೆಮನೆಯಲ್ಲಿ ಚಪ್ಪಲಿ ಎಂದರೆ ಅಮ್ಮನಿಗೆ ಆಗದು. ಕೊನೆಗೆ ಒಳಗಷ್ಟೇ ಬಳಸುವ, ಹೊರಗಿನ ಧೂಳು ಕಾಣದ ಬಟ್ಟೆಯ ಚಪ್ಪಲಿಗೆ ರಾಜಿಯಾಯಿತು, ದೇವರಮನೆಯ ಹೊಸ್ತಿಲವರೆಗೆ. ಸ್ನಾನದ ನೀರನ್ನು ಮೊಣಕೈಯಿಂದ ನೋಡುತ್ತೇನೆ, ರಾತ್ರಿ ಮಲಗುವ ಮೊದಲು ಅಂಗಾಲನ್ನು ಕನ್ನಡಿಯಲ್ಲಿ ನೋಡುತ್ತೇನೆ. ಕತ್ತಲಲ್ಲಿ ತೂಕ ತಪ್ಪುವುದರಿಂದ ಬಚ್ಚಲಿನ ದಾರಿಗೊಂದು ಸಣ್ಣ ದೀಪ. ಗೋಡೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವ ಅಭ್ಯಾಸವನ್ನು ಫಿಸಿಯೋ ಹೇಳಿಕೊಟ್ಟಿದ್ದಾರೆ. ಅದರಿಂದ ನರ ಚಿಗುರುತ್ತದೆ ಎಂದು ನಾನು ಹೇಳಲಾರೆ, ಬೀಳುವ ಹೆದರಿಕೆ ಮಾತ್ರ ಕಡಿಮೆಯಾಗಿದೆ. ಆಫೀಸಿಗೆ ಟಕ್‌ಟಕ್ ಸದ್ದಿನ ಕೀಬೋರ್ಡ್ ತಂದೆ. ಬೆರಳಿಗೆ ತಿಳಿಯದ್ದನ್ನು ಕಿವಿ ತಿಳಿಸುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಮಧ್ಯರಾತ್ರಿಯ ಯೋಚನೆ. ತೊಡೆಯಲ್ಲಿ ಚುರುಕ್ ಎಂದರೂ "ಮತ್ತೆ ಬಂತೇ?" ಇದಕ್ಕೆ ವೈದ್ಯರು ಕೊಟ್ಟ ಅಳತೆಗೋಲು ನನಗೆ ಸಾಂತ್ವನದ ಮಾತುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಎರಡೂ ಕಡೆ ಸಮನಾಗಿ, ತುದಿಯಿಂದ ಶುರುವಾಗಿ, ನಿಧಾನವಾಗಿ ಬದಲಾಗುವುದು ಹೆಚ್ಚಾಗಿ ಕಿಮೋದ ಪಳೆಯುಳಿಕೆ. ಮುಂದಿನ ಭೇಟಿಯವರೆಗೆ ಕಾಯಬಹುದು. ಒಂದೇ ಕಡೆ ಇದ್ದರೆ, ದಿನದಿನಕ್ಕೆ ಏರುತ್ತಿದ್ದರೆ ಫೋನ್ ಮಾಡಬೇಕು. ಕಾಲಿನ ಬಲ ಕುಂದಿದರೆ, ಬೆನ್ನುನೋವಿನ ಜೊತೆ ನಡಿಗೆ ಕೆಟ್ಟರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ಗಳಿಗೆ ಆಸ್ಪತ್ರೆಗೆ. ಈ ಮೂರು ಸಾಲು ನೋಟ್‌ಬುಕ್ಕಿನ ಮೊದಲ ಪುಟದಲ್ಲಿವೆ. ರಾತ್ರಿ ಎಚ್ಚರವಾದರೆ ದೀಪ ಹಾಕಿ ಅದನ್ನೇ ಓದುತ್ತೇನೆ, ಗೂಗಲ್ ಅಲ್ಲ.

ಔಷಧಿ ನಿಂತು ಈಗ ಹದಿನಾಲ್ಕು ತಿಂಗಳು. ಬೆರಳುಗಳು ಬಹುಪಾಲು ಮರಳಿವೆ, ಹಾಜರಿ ಯಂತ್ರ ಮತ್ತೆ ನನ್ನನ್ನು ಒಪ್ಪಿಕೊಂಡಿದೆ. ಪಾದದಲ್ಲಿ ಜುಂ ಅನ್ನುವುದು ಹತ್ತಕ್ಕೆ ಮೂರು, ಎರಡೂ ಹೆಬ್ಬೆರಳು ಇನ್ನೂ ಮರಗಟ್ಟಿವೆ. ಹೋದ ಶುಕ್ರವಾರ ಒಂದು ಮೊಳ ಮಲ್ಲಿಗೆ ಕಟ್ಟಿದೆ, ಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಕೈಗೆ ತೆಗೆದುಕೊಂಡು ನೋಡಿ, "ಗಂಟು ಸಡ್ಲ ಆಗ್ಯಾವ" ಎಂದಳು, ಮತ್ತೆ ಹಾಗೇ ಮುಡಿದುಕೊಂಡಳು.